ಹಿಮ ಬೀಳದ ನಾಡಲ್ಲಿ ವಿಮಾನಕ್ಕೆ ಐಸ್ ಕಟ್ಟೋದು ಹೇಗೆ? ಯಾದವಗಿರಿಯ ಜಾವಾದಿಂದ ಜಕ್ಕೂರಿನ ಪುಷ್ಪಕ್‌ವರೆಗೆ

ಮೈಸೂರಿನ ಯಾದವಗಿರಿಯಿಂದ ಮಾತಾಡ್ತಾ ಇದೀನಿ. ಇವತ್ತಿನ ಎಪಿಸೋಡ್‌ನ ವಿಷಯ ಸಣ್ಣ ವಿಮಾನಗಳು ಮತ್ತು ಐಸ್. ಸಣ್ಣ ವಿಮಾನ ಅಂದ್ರೆ ಒಂದೇ ಎಂಜಿನ್, ಮುಂದೆ ಒಂದು ಫ್ಯಾನು, ಒಳಗೆ ಇಬ್ಬರೋ ನಾಲ್ವರೋ ಕೂರುವಷ್ಟು ಜಾಗ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ, ತರಬೇತಿ ಶಾಲೆಗಳಲ್ಲಿ ಇರ್ತವಲ್ಲ, ಅವು.

ವಿಮಾನಕ್ಕೆ ಐಸ್ ಕಟ್ಟುತ್ತೆ ಅಂದ ತಕ್ಷಣ ನಮ್ಮ ತಲೆಗೆ ಬರೋದು ಲಡಾಖ್, ಅಲಾಸ್ಕಾ, ರೆಕ್ಕೆ ಮೇಲೆ ಬಿಳಿ ಪದರ. ಮೈಸೂರಲ್ಲಿ ಐಸ್ ಅಂದ್ರೆ ಫ್ರಿಡ್ಜ್‌ನಲ್ಲಿ, ಇಲ್ಲಾಂದ್ರೆ ಕಬ್ಬಿನ ಹಾಲಿನ ಗಾಡಿಯಲ್ಲಿ. ಹಾಗಾಗಿ ಇದು ನಮ್ಮ ಕಥೆ ಅಲ್ಲ ಅಂತ ಅನ್ನಿಸೋದು ಸಹಜ. ಆದ್ರೆ ಕರ್ನಾಟಕದಲ್ಲಿ ಸಣ್ಣ ವಿಮಾನ ಹಾರಿಸಿದ ಪ್ರತಿ ತಲೆಮಾರಿನ ಪೈಲಟ್ಟೂ ಐಸ್ ಬಗ್ಗೆ ಕಲಿಯಲೇಬೇಕಾಗಿತ್ತು. ಯಾಕಂದ್ರೆ ನಮ್ಮಲ್ಲಿ ಐಸ್ ಕಟ್ಟೋದು ರೆಕ್ಕೆ ಮೇಲಲ್ಲ, ಎಂಜಿನ್ನಿನ ಗಂಟಲಲ್ಲಿ. ಅದೂ ನಾವು ಸ್ವೆಟರ್ ಕೂಡ ಹಾಕದೆ ಓಡಾಡುವ ಇಪ್ಪತ್ತು ಇಪ್ಪತ್ತೈದು ಡಿಗ್ರಿಯ ದಿನದಲ್ಲಿ.

ಇದು ಅರ್ಥ ಆಗಬೇಕಾದ್ರೆ ಮೊದಲು ಕಾರ್ಬುರೇಟರ್ ಅರ್ಥ ಆಗಬೇಕು. ಅದಕ್ಕೆ ಯಾದವಗಿರಿಗಿಂತ ಒಳ್ಳೆ ಜಾಗ ಬೇಕಾ? ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇಲ್ಲೇ. 1960ರಲ್ಲಿ ಕಂಪನಿ ಶುರುವಾಯಿತು, 1961ರಿಂದ ಬೈಕ್‌ಗಳು ಹೊರಗೆ ಬಂದವು. ಮೊದಲು ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಹಾಕುವವರೆಗೆ ಈ ಬಡಾವಣೆಯಿಂದ ಹೊರಟ ಪ್ರತಿ ಬೈಕಿನ ಎಂಜಿನ್ ಪಕ್ಕದಲ್ಲೂ ಮುಷ್ಟಿ ಗಾತ್ರದ ಒಂದು ಲೋಹದ ತುಂಡು ಇರ್ತಿತ್ತು. ಅದೇ ಕಾರ್ಬುರೇಟರ್. ನಿಮ್ಮ ಅಪ್ಪನೋ ಮಾವನೋ ಭಾನುವಾರ ಬೆಳಿಗ್ಗೆ ಅದನ್ನ ಬಿಚ್ಚಿ, ಪೆಟ್ರೋಲ್‌ನಲ್ಲಿ ತೊಳೆದು, ಬಾಯಲ್ಲಿ ಊದಿ ಮತ್ತೆ ಕೂರಿಸಿದ್ದನ್ನ ನೀವು ನೋಡಿರಬಹುದು.

ಅದರ ಕೆಲಸ ಸರಳ. ಎಂಜಿನ್ ಗಾಳಿ ಎಳೆಯುತ್ತೆ. ಆ ಗಾಳಿ ಒಂದು ಇಕ್ಕಟ್ಟಾದ ಕೊಳವೆಯ ಮೂಲಕ ಹೋಗಬೇಕು. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತೆ, ಒತ್ತಡ ಕಡಿಮೆ ಆಗುತ್ತೆ. ಕಡಿಮೆ ಒತ್ತಡ ಪೆಟ್ರೋಲನ್ನ ಮೇಲಕ್ಕೆ ಹೀರಿಕೊಳ್ಳುತ್ತೆ, ಪೆಟ್ರೋಲ್ ತುಂತುರಾಗಿ ಗಾಳಿಗೆ ಬೆರೆತು ಆವಿಯಾಗುತ್ತೆ. ಮುಂದೆ ಒಂದು ದುಂಡನೆಯ ತಟ್ಟೆ ಇರುತ್ತೆ, ಥ್ರಾಟಲ್. ಅದು ತೆರೆದಷ್ಟೂ ಎಂಜಿನ್‌ಗೆ ಶಕ್ತಿ. ಸಣ್ಣ ವಿಮಾನದ ಕಾರ್ಬುರೇಟರ್ ಕೂಡ ಇದೇ ತತ್ವದ್ದು, ಗಾತ್ರ ಮಾತ್ರ ದೊಡ್ಡದು.

ಈಗ ಐಸ್ ಎಲ್ಲಿಂದ ಬಂತು? ಇಂಜೆಕ್ಷನ್ ಕೊಡೋ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗೆ ಅನ್ಸುತ್ತಲ್ಲ? ಸ್ಪಿರಿಟ್ ಆವಿಯಾಗೋದಕ್ಕೆ ಬೇಕಾದ ಶಾಖವನ್ನ ನಿಮ್ಮ ಚರ್ಮದಿಂದ ಕಿತ್ತುಕೊಳ್ಳುತ್ತೆ, ಅದಕ್ಕೆ. ಮಡಿಕೆ ನೀರು ತಂಪಾಗಿರೋದಕ್ಕೂ ಅದೇ ಕಾರಣ. ಕಾರ್ಬುರೇಟರ್ ಒಳಗೂ ಇದೇ ನಡೆಯುತ್ತೆ. ಪೆಟ್ರೋಲ್ ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನ, ಲೋಹವನ್ನ ತಣ್ಣಗೆ ಮಾಡುತ್ತೆ. ಜೊತೆಗೆ ಒತ್ತಡ ಇಳಿದಿರುವುದರಿಂದ ಗಾಳಿ ಇನ್ನಷ್ಟು ತಣ್ಣಗಾಗುತ್ತೆ. ಎರಡೂ ಸೇರಿ ಉಷ್ಣಾಂಶ ಮೂವತ್ತು ಡಿಗ್ರಿಗೂ ಹೆಚ್ಚು ಕುಸಿಯಬಹುದು. ಹೊರಗೆ 22 ಡಿಗ್ರಿ ಇದ್ರೆ ಒಳಗೆ ಸೊನ್ನೆಗಿಂತ ಕೆಳಗೆ! ಗಾಳಿಯಲ್ಲಿ ತೇವ ಇದ್ರೆ ಆ ತೇವ ಕಾರ್ಬುರೇಟರ್ ಗೋಡೆಗೆ, ಥ್ರಾಟಲ್ ತಟ್ಟೆಯ ಅಂಚಿಗೆ ಐಸಾಗಿ ಅಂಟಿಕೊಳ್ಳುತ್ತೆ. ಫ್ರೀಜರ್ ಒಳಗೋಡೆಯಲ್ಲಿ ಬೆಳೆಯುತ್ತಲ್ಲ, ಹಾಗೆ. ಗಂಟಲು ಕಟ್ಟುತ್ತಾ ಬರುತ್ತೆ, ಎಂಜಿನ್‌ಗೆ ಉಸಿರು ಸಿಗಲ್ಲ.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪೈಲಟ್‌ಗಳಿಗೆ ಕೊಡುವ ಕೈಪಿಡಿ ಪ್ರಕಾರ, ಈ ಐಸ್ ಕಟ್ಟುವ ಸಾಧ್ಯತೆ ಅತಿ ಹೆಚ್ಚಿರುವುದು ಉಷ್ಣಾಂಶ 21 ಡಿಗ್ರಿಗಿಂತ ಕಡಿಮೆ, ತೇವಾಂಶ ಶೇ 80ಕ್ಕಿಂತ ಹೆಚ್ಚು ಇದ್ದಾಗ. ಆದರೆ 38 ಡಿಗ್ರಿ ಬಿಸಿಲಲ್ಲಿ, ಶೇ 50ರಷ್ಟು ತೇವಾಂಶದಲ್ಲೂ ಅದು ಸಾಧ್ಯ ಅಂತ ಅದೇ ಕೈಪಿಡಿ ಎಚ್ಚರಿಸುತ್ತೆ. ಈಗ ಮೈಸೂರಿನ ಜುಲೈ ತಿಂಗಳ ಒಂದು ಬೆಳಿಗ್ಗೆ ನೆನಪಿಸಿಕೊಳ್ಳಿ. ಇಪ್ಪತ್ತರ ಆಸುಪಾಸಿನ ಉಷ್ಣಾಂಶ, ಚಾಮುಂಡಿ ಬೆಟ್ಟದ ತಲೆ ಮೋಡದಲ್ಲಿ, ಒಗೆದು ಹಾಕಿದ ಬಟ್ಟೆ ಮಧ್ಯಾಹ್ನ ಆದ್ರೂ ಒಣಗಲ್ಲ. ನಮಗೆ ಅದು ಬಿಸಿ ಕಾಫಿ ಕುಡಿಯುವ ಹವಾಮಾನ. ಕಾರ್ಬುರೇಟರ್‌ಗೆ ಅದು ಐಸ್ ಕಾರ್ಖಾನೆ.

ನಿಜವಾಗಿ ಕೊರೆಯುವ ಚಳಿಯಲ್ಲಿ ಈ ಅಪಾಯ ಕಡಿಮೆ. ಗಾಳಿ ತುಂಬಾ ತಣ್ಣಗಿದ್ರೆ ಅದರಲ್ಲಿ ತೇವವೇ ಹೆಚ್ಚು ಇರಲ್ಲ. ಅಂದ್ರೆ ಹಿಮದ ದೇಶಗಳಿಗಿಂತ ತೇವ ತುಂಬಿದ, ಹದವಾದ ಹವೆಯ ಜಾಗಗಳೇ ಇದಕ್ಕೆ ಹೇಳಿ ಮಾಡಿಸಿದಂತಿವೆ. ಸಮುದ್ರ ಮಟ್ಟದಿಂದ ಏಳುನೂರು, ಎಂಟುನೂರು, ಒಂಬೈನೂರು ಮೀಟರ್ ಎತ್ತರದಲ್ಲಿರುವ ದಕ್ಷಿಣ ಕರ್ನಾಟಕದ ಬಯಲು ಅಂಥದ್ದೇ ಜಾಗ.

ಹಾಗಾದ್ರೆ ರೆಕ್ಕೆ ಮೇಲಿನ ಐಸ್? ಅದಕ್ಕೆ ಸೊನ್ನೆಗಿಂತ ತಣ್ಣನೆಯ ಮೋಡ ಬೇಕು. ಮಳೆಗಾಲದಲ್ಲಿ ಕರ್ನಾಟಕದ ಮೇಲೆ ಸೊನ್ನೆ ಡಿಗ್ರಿ ಸಿಗೋದು ಸುಮಾರು 5,000 ಮೀಟರ್ ಎತ್ತರದಲ್ಲಿ. ಕ್ಲಬ್ಬಿನ ಪುಟ್ಟ ವಿಮಾನ ಅಷ್ಟು ಮೇಲೆ ಹೋಗುವ ಪ್ರಸಂಗ ಬರಲ್ಲ. ದೊಡ್ಡ ವಿಮಾನಗಳು ಹೋಗ್ತವೆ, ಅವಕ್ಕೆ ವ್ಯವಸ್ಥೆಯೂ ಇದೆ. ಮಂಡಕಳ್ಳಿಗೆ ಬರುವ ಎಟಿಆರ್ ವಿಮಾನ ಹತ್ತುವಾಗ ರೆಕ್ಕೆಯ ಮುಂದಿನ ಅಂಚು ನೋಡಿ, ಕಪ್ಪು ರಬ್ಬರ್ ಪಟ್ಟಿ ಕಾಣುತ್ತೆ. ಅದು ಬಲೂನಿನ ಹಾಗೆ ಉಬ್ಬಿ, ಕಟ್ಟಿದ ಐಸನ್ನ ಒಡೆದು ಉದುರಿಸುತ್ತೆ.

ಇನ್ನು ಇತಿಹಾಸಕ್ಕೆ ಬರೋಣ. ಈ ಎರಡೂ ಥರದ ಐಸನ್ನ ಒಂದೇ ತಿಂಗಳಲ್ಲಿ ಕಂಡವನು ಚಾರ್ಲ್ಸ್ ಲಿಂಡ್‌ಬರ್ಗ್. 1927ರ ಮೇ ತಿಂಗಳು. ಅಟ್ಲಾಂಟಿಕ್ ಸಾಗರವನ್ನ ಒಬ್ಬನೇ ದಾಟುವುದಕ್ಕೆ ಹೊರಟಿದ್ದ. ಮೊದಲು ತನ್ನ ವಿಮಾನವನ್ನ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಡಿಯಾಗೊದಿಂದ ಪೂರ್ವಕ್ಕೆ ತರಬೇಕಿತ್ತು. ರಾತ್ರಿ, ಬೆಟ್ಟಗಳ ಮೇಲೆ, ಎಂಜಿನ್ ಕೆಮ್ಮೋಕೆ ಶುರುಮಾಡಿತು. ಹೇಗೋ ಸುಧಾರಿಸಿಕೊಂಡಿತು. ಕಾರಣ ಕಾರ್ಬುರೇಟರ್ ಐಸ್ ಅಂತ ಅವನಿಗೆ ಅನ್ನಿಸಿತು. ನ್ಯೂಯಾರ್ಕ್ ತಲುಪಿದ ಮೇಲೆ ಅವನು ಮಾಡಿಸಿದ ಕೆಲಸಗಳಲ್ಲಿ ಒಂದು, ಕಾರ್ಬುರೇಟರ್‌ಗೆ ಬಿಸಿ ಗಾಳಿಯ ಹೀಟರ್ ಹಾಕಿಸಿದ್ದು. ಆಮೇಲೆ ಸಾಗರದ ಮೇಲೆ ಮೋಡದೊಳಗೆ ನುಗ್ಗಿದಾಗ, ಟಾರ್ಚ್ ಬಿಟ್ಟು ನೋಡಿದ್ರೆ ರೆಕ್ಕೆಗೆ ಆಸರೆ ಕೊಡುವ ಕಂಬದ ಮೇಲೆ ಐಸ್! ಅವನು ಮಾಡಿದ್ದು ಇಷ್ಟೇ: ಬಂದ ದಾರಿಗೆ ತಿರುಗಿ ಮೋಡದಿಂದ ಹೊರಗೆ ಬಂದ. ರೆಕ್ಕೆ ಮೇಲಿನ ಐಸನ್ನ ಕಣ್ಣಲ್ಲಿ ನೋಡಬಹುದು. ಎಂಜಿನ್ ಒಳಗಿನದು ಕಾಣಲ್ಲ, ಶಬ್ದದಿಂದಲೇ ಊಹಿಸಬೇಕು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಐದು ವರ್ಷ ಆದ ಮೇಲೆ, 1932ರ ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನ ಮದ್ರಾಸಿಗೆ ಒಯ್ದರು, ದಾರಿಯಲ್ಲಿ ನಮ್ಮ ಬಳ್ಳಾರಿ. ಟಾಟಾ ಅವರ ಆ ವಿಮಾನ ಅಂಚೆ ಸೇವೆಯ ನಕ್ಷೆಯಲ್ಲಿ ಒಂದು ಕನ್ನಡದ ಊರು ಇತ್ತು ಅನ್ನೋದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ವಿಮಾನ ಪುಸ್ ಮಾತ್, ಒಂದೇ ಎಂಜಿನ್, 120 ಹಾರ್ಸ್‌ಪವರ್. ರೇಡಿಯೋ ಇಲ್ಲ. ಆ ಕಾಲದಲ್ಲಿ ಎಂಜಿನ್ ಶಬ್ದ ಬದಲಾದ್ರೆ ಪೈಲಟ್‌ಗೆ ಇದ್ದ ಸಲಹೆಗಾರ ಅವನ ಕಿವಿ ಮಾತ್ರ.

ಮುಂದಿನ ದಶಕದಲ್ಲಿ ಮೈಸೂರು ಸಂಸ್ಥಾನ ವಿಮಾನದ ಲೋಕಕ್ಕೆ ಗಂಭೀರವಾಗಿ ಕಾಲಿಟ್ಟಿತು. 1940ರಲ್ಲಿ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಸಂಸ್ಥಾನದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು, ಇವತ್ತಿನ ಎಚ್‌ಎಎಲ್. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾಕ್ಕೆ ಸರಕು ಸಾಗಿಸುವ ದಾರಿಯನ್ನ ಪೈಲಟ್‌ಗಳು ‘ಹಂಪ್’ ಅಂತಿದ್ರು. ಹಂಪಿ ಅಲ್ಲ, ಹಂಪ್, ಅಂದ್ರೆ ಗೂನು. ಅಲ್ಲಿ ರೆಕ್ಕೆಗೆ ಕಟ್ಟುವ ಐಸ್ ಶತ್ರುವಿನಷ್ಟೇ ದೊಡ್ಡ ಭಯ. ಚೀನಾ, ಬರ್ಮಾ, ಭಾರತ ಸೇರಿದ ಆ ಯುದ್ಧರಂಗದ ವಿಮಾನಗಳು ರಿಪೇರಿಗೆ ಬರ್ತಿದ್ದದ್ದು ಬೆಂಗಳೂರಿಗೆ. ಬೆಂಗಳೂರಿನ ಮೆಕ್ಯಾನಿಕ್‌ಗಳು ದೊಡ್ಡ ಎಂಜಿನ್‌ಗಳನ್ನ ಬಿಚ್ಚಿ ಜೋಡಿಸೋ ವಿದ್ಯೆಯನ್ನ ಪಳಗಿಸಿಕೊಂಡ ಕಾಲ ಅದು.

ಸ್ವಾತಂತ್ರ್ಯ ಬಂತು. 1948ರಲ್ಲಿ ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಶುರುವಾಯಿತು. 1951ರ ಆಗಸ್ಟ್‌ನಲ್ಲಿ ಎಚ್‌ಎಎಲ್‌ನ ಎಚ್‌ಟಿ-2 ಮೊದಲ ಸಲ ಹಾರಿತು. ವಿನ್ಯಾಸ ಮಾಡಿದ್ದು ವಿ.ಎಂ. ಘಾಟಗೆ ನೇತೃತ್ವದ ತಂಡ. ಘಾಟಗೆ ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಹತ್ತಿರ ಓದಿದವರು. ಪ್ರಾಂಟಲ್ ಅಂದ್ರೆ ಆಧುನಿಕ ವಾಯುಚಲನ ಶಾಸ್ತ್ರದ ಪಿತಾಮಹ. ಎಚ್‌ಟಿ-2 ವಾಯುಪಡೆಯ ಎಷ್ಟೋ ಪೈಲಟ್‌ಗಳಿಗೆ ಮೊದಲ ವಿಮಾನ ಆಯಿತು.

ಆದ್ರೆ ಸಾಮಾನ್ಯ ಜನಕ್ಕೆ, ಕ್ಲಬ್ಬಿಗೆ ಹೋಗಿ ಹಾರೋದು ಕಲಿಯುವ ಹುಡುಗ ಹುಡುಗಿಯರಿಗೆ, ಇನ್ನೂ ಚಿಕ್ಕ, ಇನ್ನೂ ಅಗ್ಗದ ವಿಮಾನ ಬೇಕಿತ್ತು. ಅದೇ ಪುಷ್ಪಕ್. 1958ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ಮೊದಲ ಹಾರಾಟ. ಅಕ್ಕಪಕ್ಕ ಎರಡು ಸೀಟು, ತಲೆ ಮೇಲೆ ರೆಕ್ಕೆ, ಮೈಗೆಲ್ಲ ಬಟ್ಟೆಯ ಹೊದಿಕೆ. ಅಮೆರಿಕದ ಏರೋಂಕಾ ವಿಮಾನಕ್ಕೆ ತುಂಬಾ ಹತ್ತಿರದ ರೂಪ. ಎಂಜಿನ್ ಕಾಂಟಿನೆಂಟಲ್ ಕಂಪನಿಯ ಸಿ-90. ಹೆಸರೇ ಹೇಳೋ ಹಾಗೆ 90 ಹಾರ್ಸ್‌ಪವರ್, ಇವತ್ತಿನ ಒಂದು ಸಾಧಾರಣ ಕಾರಿನಷ್ಟು. ದೇಶದ ಊರೂರಿನ ಫ್ಲೈಯಿಂಗ್ ಕ್ಲಬ್‌ಗಳಿಗೆ ಪುಷ್ಪಕ್ ಹೋಯಿತು. ರಾಮಾಯಣದ ಪುಷ್ಪಕ ವಿಮಾನ ಮನಸ್ಸಿನಲ್ಲಿ ಅಂದುಕೊಂಡ ಕಡೆ ಹಾರ್ತಿತ್ತಂತೆ. ಈ ಪುಷ್ಪಕ್‌ಗೆ ಒಂದು ಗುಂಡಿ ಎಳೆಯೋದು ನೆನಪಿರಬೇಕಿತ್ತು.

ಯಾಕೆ ಅಂದ್ರೆ, ಕಾಂಟಿನೆಂಟಲ್‌ನ ಈ ಸರಣಿಯ ಎಂಜಿನ್‌ಗಳಿಗೆ ಕಾರ್ಬುರೇಟರ್ ಐಸ್ ಬೇಗ ಕಟ್ಟುತ್ತೆ. ಅದು ಜಗತ್ತಿನಾದ್ಯಂತ ಪೈಲಟ್‌ಗಳಿಗೆ ಗೊತ್ತಿರುವ ಗುಣ. ಆಮೇಲೆ ಸೆಸ್ನಾ 152ರಂಥ ವಿಮಾನಗಳಲ್ಲಿ ಬಂದ ಲೈಕಮಿಂಗ್ ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಬಿಸಿ ಎಂಜಿನ್ ಆಯಿಲ್ ತುಂಬಿದ ತೊಟ್ಟಿಗೆ ಅಂಟಿಕೊಂಡಿರುತ್ತೆ, ಹಾಗಾಗಿ ಒಂದಷ್ಟು ಬೆಚ್ಚಗಿರುತ್ತೆ. ಕಾಂಟಿನೆಂಟಲ್‌ನಲ್ಲಿ ಅದು ಎಂಜಿನ್ ಕೆಳಗೆ ಪ್ರತ್ಯೇಕವಾಗಿ ನೇತಾಡುತ್ತೆ. ಬೆಚ್ಚಗಿಡೋಕೆ ಅಕ್ಕಪಕ್ಕ ಏನೂ ಇಲ್ಲ.

ಇದಕ್ಕೆ ಪರಿಹಾರ ‘ಕಾರ್ಬ್ ಹೀಟ್’. ಎಂಜಿನ್ ಹೊಗೆ ಹೋಗುವ ಕೊಳವೆ ಕೆಂಡದಂತೆ ಬಿಸಿ ಇರುತ್ತಲ್ಲ, ಅದರ ಸುತ್ತ ಒಂದು ತಗಡಿನ ಕವಚ. ಪೈಲಟ್ ಗುಂಡಿ ಎಳೆದ್ರೆ ಹೊರಗಿನ ತಣ್ಣನೆ ಗಾಳಿಯ ಬದಲು ಆ ಕವಚದೊಳಗಿನ ಬಿಸಿ ಗಾಳಿ ಕಾರ್ಬುರೇಟರ್‌ಗೆ ಹೋಗುತ್ತೆ. ಐಸ್ ಕರಗುತ್ತೆ. 2017ರವರೆಗೆ ಅಮೆರಿಕದ ನಿಯಮದಲ್ಲಿ, ಹೊರಗೆ ಮೈನಸ್ 1 ಡಿಗ್ರಿ ಇದ್ದಾಗ ಈ ಹೀಟರ್ ಗಾಳಿಯ ಉಷ್ಣಾಂಶವನ್ನ 50 ಡಿಗ್ರಿಯಷ್ಟು ಏರಿಸಬಲ್ಲದಾಗಿರಬೇಕು ಅಂತ ಇತ್ತು. ಅಷ್ಟು ಶಾಖ ಬೇಕು.

ಗುಂಡಿ ಎಳೆದ್ರೆ ಆಯ್ತಲ್ಲ, ಇದರಲ್ಲಿ ಕಷ್ಟ ಏನು? ಇಲ್ಲೇ ಇರೋದು ನನ್ನ ಪ್ರಕಾರ ಈ ಕಥೆಯ ತಿರುಳು.

ಮೊದಲನೇ ಕಷ್ಟ: ಔಷಧ ಹಾಕಿದ ತಕ್ಷಣ ಕಾಯಿಲೆ ಜಾಸ್ತಿ ಆದ ಹಾಗೆ ಕಾಣುತ್ತೆ. ಐಸ್ ಕಟ್ಟುವಾಗ ಎಂಜಿನ್ ಒಮ್ಮೆಲೇ ನಿಲ್ಲಲ್ಲ. ಆರ್‌ಪಿಎಂ ನಿಧಾನಕ್ಕೆ ಇಳಿಯುತ್ತೆ, ಐವತ್ತು, ನೂರು. ಹೊಸಬರು ಥ್ರಾಟಲ್ ಸ್ವಲ್ಪ ಜರುಗಿರಬೇಕು ಅಂದುಕೊಂಡು ಮುಂದಕ್ಕೆ ತಳ್ಳಿ ಸುಮ್ಮನಾಗಬಹುದು. ಮತ್ತೆ ಇಳಿಯುತ್ತೆ. ಆಗ ನೆನಪಾಗಿ ಕಾರ್ಬ್ ಹೀಟ್ ಎಳೆದ್ರು ಅಂತ ಇಟ್ಕೊಳ್ಳಿ. ಬಿಸಿ ಗಾಳಿ ತೆಳು, ಹಾಗಾಗಿ ಶಕ್ತಿ ಇನ್ನೂ ಕುಸಿಯುತ್ತೆ. ಮೇಲಿಂದ ಕರಗಿದ ಐಸ್ ನೀರಾಗಿ ಎಂಜಿನ್ ಒಳಗೆ ಹೋಗುತ್ತೆ. ಎಂಜಿನ್ ಕೆಮ್ಮುತ್ತೆ, ನಡುಗುತ್ತೆ. ಗುಂಡಿ ಎಳೆದದ್ದೇ ತಪ್ಪಾಯ್ತು ಅಂತ ಕೈ ತಾನಾಗೇ ಅದನ್ನ ವಾಪಸ್ ತಳ್ಳೋಕೆ ಹೋಗುತ್ತೆ. ಆದ್ರೆ ಆ ಕೆಮ್ಮೇ ಐಸ್ ಕರಗ್ತಾ ಇದೆ ಅನ್ನೋದಕ್ಕೆ ಗುರುತು. ಆ ಅರ್ಧ ನಿಮಿಷ, ಒಂದು ನಿಮಿಷ ತಡ್ಕೊಂಡು ಕೂತ್ರೆ ಎಂಜಿನ್ ಮತ್ತೆ ಸರಿಯಾಗುತ್ತೆ. ಕಾಡು ಬೆಟ್ಟದ ಮೇಲೆ ಹಾರುವಾಗ ಆ ಒಂದು ನಿಮಿಷ ಎಷ್ಟು ಉದ್ದ ಅಂತ ಯೋಚಿಸಿ.

ಎರಡನೇ ಕಷ್ಟ: ತಡ ಮಾಡಿದ್ರೆ ಔಷಧವೇ ಇರಲ್ಲ. ಶಾಖ ಬರೋದು ಎಂಜಿನ್ನಿನ ಹೊಗೆಯಿಂದ. ಎಂಜಿನ್ ನಿಂತು ಹೋದ್ರೆ ಕೊಳವೆ ಆರುತ್ತೆ, ಆಮೇಲೆ ಗುಂಡಿ ಎಳೆದ್ರೆ ಸಿಗೋದು ತಣ್ಣನೆ ಗಾಳಿ. ಎಂಜಿನ್‌ಗೆ ಜೀವ ಇರುವಾಗಲೇ ಎಳೆಯಬೇಕು.

ಮೂರನೇ ಕಷ್ಟ: ಅತಿ ಹೆಚ್ಚು ಅಪಾಯ ಇರೋದು ಎಲ್ಲವೂ ಶಾಂತವಾಗಿರುವ ಹೊತ್ತಿನಲ್ಲಿ. ಇಳಿಯೋಕೆ ಬರುವಾಗ ಪೈಲಟ್ ಥ್ರಾಟಲ್ ಮುಚ್ಚುತ್ತಾರೆ. ತಟ್ಟೆ ಬಹುತೇಕ ಮುಚ್ಚಿದಾಗ ಅದರ ಅಂಚಿನ ಸಂದಿಯಲ್ಲಿ ಗಾಳಿ ಇನ್ನೂ ತಣ್ಣಗಾಗುತ್ತೆ, ಸ್ವಲ್ಪ ಐಸ್ ಕಟ್ಟಿದ್ರೂ ಸಂದಿ ಮುಚ್ಚಿಹೋಗುತ್ತೆ. ಎಂಜಿನ್ ಸತ್ತಿದ್ರೂ ಗೊತ್ತಾಗಲ್ಲ. ಎದುರಿನ ಗಾಳಿಗೆ ಫ್ಯಾನು ತಿರುಗ್ತಾನೇ ಇರುತ್ತೆ, ನಮ್ಮ ಹಳ್ಳಿ ಮಕ್ಕಳ ಕೈಯ ಗಿರಿಗಿಟ್ಲೆ ಹಾಗೆ. ಕೊನೆ ಗಳಿಗೆಯಲ್ಲಿ ರನ್‌ವೇ ಮೇಲೆ ದನ ಬಂತು, ಮತ್ತೆ ಮೇಲೇರಬೇಕು ಅಂತ ಥ್ರಾಟಲ್ ಪೂರ್ತಿ ತಳ್ಳಿದ್ರೆ, ಏನೂ ಇಲ್ಲ. ಅದಕ್ಕೇ ಇಂಥ ಎಂಜಿನ್‌ಗಳಲ್ಲಿ ಥ್ರಾಟಲ್ ಇಳಿಸುವ ಮುಂಚೆಯೇ ಕಾರ್ಬ್ ಹೀಟ್ ಎಳೆಯೋದನ್ನ ಕಲಿಸುತ್ತಾರೆ. ಐಸ್ ಇದೆಯೋ ಇಲ್ಲವೋ ಯೋಚನೆ ಬೇಡ, ಕೈಗೆ ಅಭ್ಯಾಸ ಆಗಲಿ ಅಂತ. ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ.

ಇಷ್ಟೆಲ್ಲ ಆದ ಮೇಲೂ ಈ ಇತಿಹಾಸ ಬರೆಯುವವರಿಗೆ ಒಂದು ತೊಡಕಿದೆ. ವಿಮಾನ ಹೊಲದಲ್ಲಿ ಬಿದ್ದಿದೆ ಅಂತ ಇಟ್ಕೊಳ್ಳಿ. ತನಿಖೆಯವರು ಬಂದು ಎಂಜಿನ್ ಬಿಚ್ಚುತ್ತಾರೆ. ಟ್ಯಾಂಕಲ್ಲಿ ಪೆಟ್ರೋಲ್ ಇದೆ, ಪ್ಲಗ್ ಸರಿಯಿದೆ, ಕಾರ್ಬುರೇಟರ್ ಚೊಕ್ಕಟ. ಪರೀಕ್ಷೆಗೆ ಹಚ್ಚಿದ್ರೆ ಎಂಜಿನ್ ಓಡುತ್ತೆ ಕೂಡ! ಕೊಲೆಗಾರ ಯಾರೂ ಬರುವ ಮುಂಚೆಯೇ ಕರಗಿ ಹೋಗಿದ್ದಾನೆ. ಉಳಿಯೋದು ಆ ಹೊತ್ತಿನ ಉಷ್ಣಾಂಶ, ತೇವಾಂಶದ ದಾಖಲೆ ಮಾತ್ರ. ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ವರದಿಗಳಲ್ಲಿ ಕಾರ್ಬುರೇಟರ್ ಐಸ್ ಕಟ್ಟುವುದಕ್ಕೆ ಅನುಕೂಲವಾದ ಹವಾಮಾನ ಇತ್ತು ಅನ್ನೋ ಅರ್ಥದ ಸಾಲು ಮತ್ತೆ ಮತ್ತೆ ಬರೋದು ಇದೇ ಕಾರಣಕ್ಕೆ. ಕಣ್ಣಾರೆ ಕಂಡ ಸಾಕ್ಷಿ ಇರಲ್ಲ, ಸಂದರ್ಭ ನೋಡಿ ತೀರ್ಮಾನ. ಹವಾಮಾನದ ಲೆಕ್ಕ ಹಾಕದೆ ಹೋದ ಕಡೆ, ಬದುಕಿ ಬಂದ ಪೈಲಟ್ ಎಂಜಿನ್ ತಾನಾಗೇ ನಿಂತಿತು ಅಂತ ಎಷ್ಟು ಹೇಳಿದ್ರೂ ನಂಬೋದು ಕಷ್ಟ.

ಈಗ ಈ ಕಥೆಯ ಕೊನೆಯ ಭಾಗ. ಮನುಷ್ಯನ ಕೈ ಅಭ್ಯಾಸದ ಮೇಲೆ ನಿಂತಿದ್ದ ಸುರಕ್ಷತೆಯನ್ನ ಎಂಜಿನಿಯರ್‌ಗಳು ಯಂತ್ರದೊಳಕ್ಕೇ ತಂದರು. ಕಾರ್ಬುರೇಟರನ್ನೇ ತೆಗೆದುಬಿಟ್ಟರು. ಫ್ಯೂಯೆಲ್ ಇಂಜೆಕ್ಷನ್‌ನಲ್ಲಿ ಪೆಟ್ರೋಲನ್ನ ಬಿಸಿ ಸಿಲಿಂಡರಿನ ಬಾಗಿಲಲ್ಲೇ ಚಿಮ್ಮಿಸುತ್ತಾರೆ. ಇಕ್ಕಟ್ಟು ಗಂಟಲಲ್ಲಿ ಆವಿಯಾಗೋದೇ ಇಲ್ಲ, ತಣ್ಣಗಾಗೋದೂ ಇಲ್ಲ. ನಿಮ್ಮ ಬೈಕ್‌ನಲ್ಲೂ ಆಗಿದ್ದು ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಬಹುತೇಕ ಕಾರ್ಬುರೇಟರ್ ಇಲ್ಲ. ಬೈಕ್‌ಗೆ ಕಾರಣ ಹೊಗೆ, ಐಸ್ ಅಲ್ಲ. ಯಂತ್ರ ಮಾತ್ರ ಅದೇ.

ಬೆಂಗಳೂರಿನ ಎನ್‌ಎಎಲ್ 1993ರ ನವೆಂಬರ್‌ನಲ್ಲಿ ಹನ್ಸಾ ಅನ್ನೋ ಎರಡು ಸೀಟಿನ ತರಬೇತಿ ವಿಮಾನ ಹಾರಿಸಿತು. ಒಂಥರಾ ಪುಷ್ಪಕ್‌ನ ವಾರಸುದಾರ. ಅದರ ಹೊಸ ರೂಪ ಹನ್ಸಾ-ಎನ್‌ಜಿ ಮೊದಲು ಹಾರಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಲ್ಲೇ. ಅದರ ರೋಟಾಕ್ಸ್ ಎಂಜಿನ್‌ನಲ್ಲಿ ಇಂಜೆಕ್ಷನ್ ಇದೆ, ಕಂಪ್ಯೂಟರ್ ನಿಯಂತ್ರಣ ಇದೆ, ಕಾರ್ಬುರೇಟರ್ ಇಲ್ಲ. 1958ರಲ್ಲಿ ಪುಷ್ಪಕ್ ಹಾರಿದ ಅದೇ ಊರಲ್ಲಿ, 63 ವರ್ಷ ಆದ ಮೇಲೆ, ಒಂದು ಅಪಾಯ ವಿನ್ಯಾಸದಿಂದಲೇ ಅಳಿಸಿಹೋಯಿತು.

ಆದ್ರೆ ಸಣ್ಣ ವಿಮಾನಗಳ ಆಯಸ್ಸು ಉದ್ದ. ಚೆನ್ನಾಗಿ ನೋಡಿಕೊಂಡ್ರೆ ನಲವತ್ತು ಐವತ್ತು ವರ್ಷ ಹಾರುತ್ತವೆ. ಕಾರ್ಬುರೇಟರ್ ಇರುವ ಎಂಜಿನ್‌ಗಳು ಜಗತ್ತಿನ ತುಂಬಾ ತರಬೇತಿ ಶಾಲೆಗಳಲ್ಲಿ ಇವತ್ತಿಗೂ ಓಡ್ತಾ ಇವೆ. ಈ ಎಪಿಸೋಡ್ ಕೇಳ್ತಿರೋರಲ್ಲಿ ಯಾರಾದ್ರೂ ನಾಳೆ ಪೈಲಟ್ ಆಗೋಕೆ ಹೊರಡಬಹುದು. ಪಠ್ಯದಲ್ಲಿ ‘ಐಸಿಂಗ್’ ಅನ್ನೋ ಅಧ್ಯಾಯ ಬಂದಾಗ, ನಾನು ಮಂಡ್ಯದವಳು, ನಾನು ಹಾಸನದವನು, ಇದು ಯುರೋಪಿನವರ ತಲೆನೋವು ಅಂತ ಪುಟ ತಿರುಗಿಸಬೇಡಿ. ಸೋನೆ ಮಳೆ ನಿಂತು, ಹಿತವಾದ ತಂಪು ಗಾಳಿ ಬೀಸ್ತಿರುವ ದಿನವೇ ಆ ಅಧ್ಯಾಯಕ್ಕೆ ಸೇರಿದ್ದು. ಗುಂಡಿ ಎಳೆಯಿರಿ. ಎಂಜಿನ್ ಕೆಮ್ಮಿದ್ರೆ ಬಿಡಬೇಡಿ.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ನಿಮ್ಮ ಮನೆಯಲ್ಲಿ ಹಳೇ ಯೆಜ್ಡಿ ಇದ್ರೆ, ಅದರ ಕಾರ್ಬುರೇಟರ್ ಎಲ್ಲಿದೆ ಅಂತ ಹಿರಿಯರನ್ನ ಕೇಳಿ ನೋಡಿ. ಅರ್ಧ ಗಂಟೆ ಮಾತಿಗೆ ಮೋಸ ಇಲ್ಲ.